ಹೆಸರಿಲ್ಲದ ಸೋಂಕು, ತಡವಾಗುವ ಮಾತು: ಬಸಿರಿನ ಸೈಟೋಮೆಗಲೋವೈರಸ್ ಮತ್ತು ಗಡಿನಾಡಿನ ಮನೆ

 

ಕನ್ನಡ ಎಂ.ಎ. ಓದುವವಳು ವೈರಸ್ಸಿನ ಬಗ್ಗೆ ಎಂತ ಮಾತಾಡುವುದು ಅಂತ ಕೆಲವರಿಗೆ ಅನಿಸಬಹುದು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಎಂದಾಗ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕ, ಅಧ್ಯಾಪಕರ ನೇಮಕಾತಿ ಇವುಗಳ ಬಗ್ಗೆ ಮಾತಾಡುತ್ತೇವೆ. ಅದು ಬೇಕಾದದ್ದೇ. ಆದರೆ ಬಸುರಿ ಹೆಂಗಸಿನ ಕೈಗೆ ಬರುವ ರಕ್ತಪರೀಕ್ಷೆಯ ರಿಪೋರ್ಟು ಅವಳಿಗೆ ಯಾವ ಭಾಷೆಯಲ್ಲಿ ಅರ್ಥವಾಗುತ್ತದೆ ಎನ್ನುವುದೂ ಭಾಷೆಯ ಪ್ರಶ್ನೆಯೇ. ನಮ್ಮ ಕಡೆ ರಿಪೋರ್ಟು ಇಂಗ್ಲಿಷಿನಲ್ಲಿ, ಕೌಂಟರಿನ ಮಾತು ಮಲಯಾಳದಲ್ಲಿ, ಮನೆಗೆ ಬಂದ ಮೇಲೆ ಅತ್ತೆಗೋ ಗಂಡನಿಗೋ ವಿವರಿಸುವುದು ತುಳು, ಹವ್ಯಕ, ಮರಾಠಿ ಇಲ್ಲವೇ ಕನ್ನಡದಲ್ಲಿ. ಈ ದಾರಿಯಲ್ಲಿ ಅರ್ಥ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ನೋಡಲು ಒಂದೇ ಒಂದು ಸೋಂಕನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಸೈಟೋಮೆಗಲೋವೈರಸ್. ಚಿಕ್ಕದಾಗಿ ಸಿ.ಎಂ.ವಿ. ಅನ್ನುತ್ತೇನೆ.

ನನ್ನ ವಾದ ಇಷ್ಟು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ತಗಲುವ ಸೋಂಕುಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವುದು ಇದು. ವಂಶವಾಹಿಯ ಕಾರಣ ಬಿಟ್ಟರೆ ಮಕ್ಕಳ ಒಳಗಿವಿಯ ಕಿವುಡಿಗೆ ಮುಖ್ಯ ಕಾರಣವೂ ಇದೇ. ಆದರೂ ಇದು ನಮ್ಮ ಮನೆಗಳಲ್ಲಿ ಮೂರು ಸಾಮಾನ್ಯ ಮಾತುಗಳ ಹಿಂದೆ ಅಡಗಿ ಕೂತಿರುತ್ತದೆ. ಒಂದು, "ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಹೆದರಿಕೆ ಇಲ್ಲ." ಎರಡು, "ಹುಟ್ಟುವಾಗ ಮಗು ಸರಿಯಾಗಿಯೇ ಇತ್ತು." ಮೂರು, "ಮನೆಯಲ್ಲಿ ನಾಲ್ಕು ಭಾಷೆ ಉಂಟಲ್ಲ, ಅದಕ್ಕೇ ಮಾತು ತಡ." ಮೂರೂ ಪ್ರಾಮಾಣಿಕ ಮಾತುಗಳು. ಮೂರೂ ಸಾಲುವುದಿಲ್ಲ. ಯಾಕೆ ಎಂದು ಒಂದೊಂದಾಗಿ ನೋಡುವ.

ವೈರಸ್ಸಿನ ಪರಿಚಯ

ಸಿ.ಎಂ.ವಿ. ಹರ್ಪಿಸ್ ಕುಟುಂಬದ ವೈರಸ್. ಚಿಕನ್ ಪಾಕ್ಸ್ ತರುವ ವೈರಸ್, ತುಟಿಯ ಮೇಲೆ ಗುಳ್ಳೆ ಏಳಿಸುವ ವೈರಸ್ ಇದರ ದಾಯಾದಿಗಳು. ಈ ಕುಟುಂಬಕ್ಕೆ ಒಂದು ಸ್ವಭಾವ ಉಂಟು: ಒಮ್ಮೆ ಮೈಯೊಳಗೆ ಬಂದರೆ ಮತ್ತೆ ಬಿಟ್ಟು ಹೋಗುವುದಿಲ್ಲ. ಜ್ವರ ಇಳಿದ ಮೇಲೂ ರಕ್ತದ ಕಣಗಳನ್ನು ಹುಟ್ಟಿಸುವ ಜೀವಕೋಶಗಳಲ್ಲಿ ಮಲಗಿರುತ್ತದೆ, ಆಗೀಗ ಎಚ್ಚರಗೊಳ್ಳುತ್ತದೆ.

ಹೆಸರು ಗ್ರೀಕ್ ಮೂಲದ್ದು. ಸೈಟೋ ಅಂದರೆ ಜೀವಕೋಶ, ಮೆಗಲೋ ಅಂದರೆ ದೊಡ್ಡದು. ಸೋಂಕು ತಗಲಿದ ಜೀವಕೋಶ ಊದಿಕೊಂಡು, ನಡುವೆ ಒಂದು ದಟ್ಟ ಚುಕ್ಕೆ, ಸುತ್ತ ಬಿಳಿಯ ಉಂಗುರ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅದನ್ನು ಗೂಬೆಯ ಕಣ್ಣಿಗೆ ಹೋಲಿಸಿದರು. ಜರ್ಮನಿಯ ಹ್ಯೂಗೊ ರಿಬ್ಬರ್ಟ್ 1881ರಲ್ಲಿ ಸತ್ತು ಹುಟ್ಟಿದ ಒಂದು ಶಿಶುವಿನ ಮೂತ್ರಪಿಂಡದಲ್ಲಿ ಇಂಥ ದೊಡ್ಡ ಕೋಶಗಳನ್ನು ಕಂಡಿದ್ದರು. ಅದು ವೈರಸ್ಸಿನ ಕೆಲಸ ಎಂದು ಆಗ ಯಾರಿಗೂ ಗೊತ್ತಾಗಲಿಲ್ಲ. 1956-57ರ ಹೊತ್ತಿಗೆ ಅಮೆರಿಕದಲ್ಲಿ ಮಾರ್ಗರೆಟ್ ಸ್ಮಿತ್, ವಾಲೇಸ್ ರೋ, ಥಾಮಸ್ ವೆಲ್ಲರ್ ಎಂಬ ಮೂವರು ಬೇರೆ ಬೇರೆಯಾಗಿ ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಪೋಲಿಯೋ ವೈರಸ್ಸಿನ ಕೆಲಸಕ್ಕಾಗಿ 1954ರ ನೊಬೆಲ್ ಬಹುಮಾನ ಹಂಚಿಕೊಂಡಿದ್ದ ವೆಲ್ಲರ್ ಅವರೇ 1960ರಲ್ಲಿ ಇದಕ್ಕೆ ಈಗಿನ ಹೆಸರು ಕೊಟ್ಟರು.

ದೊಡ್ಡವರಿಗೆ ಇದು ಬಂದದ್ದೇ ತಿಳಿಯುವುದಿಲ್ಲ. ಕೆಲವರಿಗೆ ಸಣ್ಣ ಜ್ವರ, ಗಂಟಲು ನೋವು, ನಾಲ್ಕು ದಿನ ಸುಸ್ತು. ಮೈಮೇಲೆ ಗುರುತು ಏಳುವುದಿಲ್ಲ. ಇಲ್ಲಿ ಸಾಹಿತ್ಯದ ವಿದ್ಯಾರ್ಥಿನಿಯಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಜನ ರೋಗಗಳಿಗೆ ಹೆಸರಿಟ್ಟದ್ದು ಕಂಡದ್ದನ್ನು ನೋಡಿ. ಸಿಡುಬು, ದಡಾರ, ಕೆಪ್ಪಟೆ, ಕಾಮಾಲೆ, ಎಲ್ಲಕ್ಕೂ ಕಣ್ಣಿಗೆ ಕಾಣುವ ಒಂದು ಗುರುತು ಉಂಟು. ಸಿಡುಬಿಗೆ ದೇವಿಯೂ ಇದ್ದಳು, ಹರಕೆಯೂ ಇತ್ತು. ಗುರುತೇ ಇಲ್ಲದ ಸಿ.ಎಂ.ವಿ.ಗೆ ನಮ್ಮ ಆಡುಮಾತಿನಲ್ಲಿ ಹೆಸರು ಹುಟ್ಟಲಿಲ್ಲ. ಹೆಸರಿಲ್ಲದ ರೋಗದ ಬಗ್ಗೆ ಅಜ್ಜಿ ಮೊಮ್ಮಗಳಿಗೆ ಎಚ್ಚರಿಕೆ ಹೇಳುವುದು ಹೇಗೆ? ರುಬೆಲ್ಲಾ ಎಂಬ ಪರದೇಶದ ಹೆಸರು ಕೂಡ 2017ರ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಅಭಿಯಾನದ ಮೂಲಕ ಕರ್ನಾಟಕ, ಕೇರಳ ಎರಡೂ ಕಡೆ ಶಾಲೆ ಶಾಲೆಗೆ ಮುಟ್ಟಿತು. ಸಿ.ಎಂ.ವಿ.ಗೆ ಅನುಮತಿ ಪಡೆದ ಲಸಿಕೆ ಇಲ್ಲ. ಆದ್ದರಿಂದ ಅಂಥ ಅಭಿಯಾನವೂ ಇಲ್ಲ.

ಮೊದಲನೆಯ ಮಾತು: "ಒಮ್ಮೆ ಬಂದು ಹೋಗಿದೆ"

ಯುರೋಪು, ಅಮೆರಿಕದ ಪುಸ್ತಕಗಳಲ್ಲಿ ಹೇಳುವ ಕತೆ ಹೀಗಿರುತ್ತದೆ: ಹಿಂದೆ ಎಂದೂ ಈ ಸೋಂಕು ಬಾರದ ಹೆಂಗಸಿಗೆ ಬಸಿರಿನಲ್ಲಿ ಮೊದಲ ಸಲ ಸೋಂಕು ತಗಲುತ್ತದೆ. ವೈರಸ್ ಅವಳ ರಕ್ತದಿಂದ ಮಾಸಿಗೆ ಬಂದು, ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಇಂಥ ಮೊದಲ ಸೋಂಕಿನಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ವೈರಸ್ ದಾಟುತ್ತದೆ. ತಿಂಗಳು ತುಂಬುತ್ತಾ ಬಂದಂತೆ ದಾಟುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಹಾನಿ ಕಡಿಮೆಯಾಗುತ್ತದೆ. ಅತಿ ಹೆಚ್ಚಿನ ಹಾನಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಯಾಕೆಂದರೆ ಮೆದುಳು, ಕಿವಿ ರೂಪುಗೊಳ್ಳಲು ತೊಡಗುವುದು ಆಗ. ಮುಂದೆ ನರಕೋಶಗಳಾಗಬೇಕಾದ ಮೂಲಕೋಶಗಳನ್ನೇ ವೈರಸ್ ಹಿಡಿಯುತ್ತದೆ.

ನಮ್ಮ ದೇಶದ ಕತೆ ಸ್ವಲ್ಪ ಬೇರೆ. ಇಲ್ಲಿ ನಡೆದ ಅಧ್ಯಯನಗಳಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಬಹುಪಾಲು ಜನರಿಗೆ, ಹಲವು ಕಡೆ ಶೇಕಡಾ 90ಕ್ಕಿಂತ ಹೆಚ್ಚು ಮಂದಿಗೆ, ಮೊದಲೇ ಸೋಂಕು ಆಗಿ ಹೋಗಿರುವುದು ಕಂಡಿದೆ. ತಾಯಿಯ ಹಾಲು, ಅಣ್ಣ ತಂಗಿಯರ ಜೊಲ್ಲು, ತುಂಬಿದ ಮನೆ, ಇವೆಲ್ಲದರಿಂದ ಬಾಲ್ಯದಲ್ಲೇ ವೈರಸ್ ಬಂದಿರುತ್ತದೆ. ಹಾಗಾದರೆ ನಾವು ಬಚಾವಾದೆವು ಅಲ್ಲವಾ ಅಂತ ಕೇಳಬಹುದು. ಬಹಳ ಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ಆದರೆ ಹಳೆಯ ಸೋಂಕು ಬಸಿರಿನಲ್ಲಿ ಮತ್ತೆ ಎಚ್ಚರವಾಗಬಹುದು. ಅಥವಾ ಇದೇ ವೈರಸ್ಸಿನ ಬೇರೊಂದು ತಳಿ ಹೊಸದಾಗಿ ಒಳಗೆ ಬರಬಹುದು. ಹೊಸ ತಳಿ ಹೀಗೆ ಮಗುವಿನವರೆಗೂ ಹೋಗಬಲ್ಲದು ಎಂದು ಅಮೆರಿಕದ ಸಂಶೋಧಕರು 2001ರಲ್ಲಿ ತೋರಿಸಿದರು.

ಹಳೆಯ ಸೋಂಕಿದ್ದ ತಾಯಿಯಿಂದ ಮಗುವಿಗೆ ದಾಟುವ ಪ್ರಮಾಣ ಬಹಳ ಕಡಿಮೆ, ನೂರರಲ್ಲಿ ಸುಮಾರು ಒಂದು. ಆದರೆ ಅಂಥ ತಾಯಂದಿರ ಸಂಖ್ಯೆಯೇ ನಮ್ಮಲ್ಲಿ ದೊಡ್ಡದು. ಸಣ್ಣ ಪ್ರಮಾಣವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ ನೋಡಿ. ಬ್ರೆಜಿಲಿನಲ್ಲಿ ಬಹುತೇಕ ಎಲ್ಲ ತಾಯಂದಿರಿಗೂ ಮೊದಲೇ ಸೋಂಕಾಗಿದ್ದ ಒಂದು ಪ್ರದೇಶದಲ್ಲಿ 8000ಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಶೇಕಡಾ 1ರಷ್ಟು ಮಕ್ಕಳಲ್ಲಿ ಹುಟ್ಟುವಾಗಲೇ ಸಿ.ಎಂ.ವಿ. ಇತ್ತು. ಭಾರತದ ಒಂದು ಅರೆನಗರ ಪ್ರದೇಶದ 400ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸುಮಾರು ಶೇಕಡಾ 2. ಸೋಂಕು ಕಡಿಮೆ ಇರುವ ಶ್ರೀಮಂತ ದೇಶಗಳ ಸರಾಸರಿ ಶೇಕಡಾ ಅರ್ಧದ ಆಸುಪಾಸು. ಅಂದರೆ "ಎಲ್ಲರಿಗೂ ಬಂದು ಹೋಗಿದೆ" ಎನ್ನುವ ಊರಿನಲ್ಲೇ ಸೋಂಕಿನೊಂದಿಗೆ ಹುಟ್ಟುವ ಮಕ್ಕಳು ಹೆಚ್ಚು.

ಟಾರ್ಚ್ ಟೆಸ್ಟ್ ಎಂಬ ಗೊಂದಲ

ಬಸುರಿಯರಿಗೆ ಮಾಡಿಸುವ ಟಾರ್ಚ್ ಟೆಸ್ಟ್ ಎಂಬ ರಕ್ತಪರೀಕ್ಷೆಯ ಹೆಸರು ನೀವು ಕೇಳಿರಬಹುದು. ಟೊಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿ.ಎಂ.ವಿ., ಹರ್ಪಿಸ್ ಮೊದಲಾದವುಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿ ಮಾಡಿದ ಹೆಸರು ಅದು. ಹೆಸರು ಟಾರ್ಚ್ ಆದರೂ ಸಿ.ಎಂ.ವಿ. ಮಟ್ಟಿಗೆ ಅದರಿಂದ ಸಿಗುವ ಬೆಳಕು ಕಡಿಮೆ. ರಿಪೋರ್ಟಿನಲ್ಲಿ ಎರಡು ಸಾಲು ಇರುತ್ತದೆ: ಐಜಿಜಿ, ಐಜಿಎಂ. ಎರಡೂ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳು. ಐಜಿಜಿ ಪಾಸಿಟಿವ್ ಅಂದರೆ ಹಿಂದೆ ಎಂದೋ ಸೋಂಕು ಆಗಿದೆ ಅಂತ ಅರ್ಥ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಪಾಸಿಟಿವ್ ಬರುವುದೇ ಸಹಜ. ಐಜಿಎಂ ಪಾಸಿಟಿವ್ ಅಂದರೆ ಇತ್ತೀಚೆಗೆ ಸೋಂಕು ಆಗಿರಬಹುದು. ಆದರೆ ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವೊಮ್ಮೆ ಬೇರೆ ಕಾರಣಕ್ಕೂ ಪಾಸಿಟಿವ್ ತೋರಿಸುತ್ತದೆ.

"ಪಾಸಿಟಿವ್" ಎಂಬ ಒಂದೇ ಪದ ಮನೆಯೊಳಗೆ ಬಂದಾಗ ಏನಾಗುತ್ತದೆ ಅಂತ ಯೋಚಿಸಿ. ಎಚ್.ಐ.ವಿ., ಕೋವಿಡ್ ಕಾಲದಿಂದ ನಮ್ಮ ಕಿವಿಯಲ್ಲಿ ಆ ಪದಕ್ಕೆ ಒಂದೇ ಅರ್ಥ, ರೋಗ ಇದೆ. ಹಾಗಾಗಿ ಐಜಿಜಿ ಪಾಸಿಟಿವ್ ಎಂಬ ಸಾಮಾನ್ಯ ಸಂಗತಿಗೆ ಹೆದರಿ ಬಸಿರನ್ನೇ ತೆಗೆಸುವ ಮಾತು ಬರುತ್ತದೆ. "ಹಿಂದೆ ಬಂದಿತ್ತು, ಈಗ ದೇಹಕ್ಕೆ ಅದರ ನೆನಪು ಉಂಟು" ಎಂದು ನಾಲ್ಕು ಪದದಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಐಜಿಎಂ ಕೂಡ ಪಾಸಿಟಿವ್ ಬಂದರೆ ವೈದ್ಯರು ಅವಿಡಿಟಿ ಎಂಬ ಇನ್ನೊಂದು ಪರೀಕ್ಷೆ ಹೇಳುತ್ತಾರೆ. ಪ್ರತಿಕಾಯ ವೈರಸ್ಸನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ ಅದು. ಹಿಡಿತ ಗಟ್ಟಿ ಇದ್ದರೆ ಸೋಂಕು ಮೂರು ತಿಂಗಳಿಗಿಂತ ಹಳೆಯದು, ಸಡಿಲ ಇದ್ದರೆ ಹೊಸದು. ಹೊಸ ಸೋಂಕು ಎಂದು ಖಚಿತವಾದರೆ ಸ್ಕ್ಯಾನಿಂಗ್ ಮಾಡುತ್ತಾರೆ. ಸೋಂಕಾಗಿ ಕನಿಷ್ಠ ಎಂಟು ವಾರ ಕಳೆದು, ಬಸಿರಿನ ನಡುಭಾಗ ತಲುಪಿದ ಮೇಲೆ ಗರ್ಭಜಲ ತೆಗೆದು ವೈರಸ್ ಮಗುವಿಗೆ ದಾಟಿದೆಯೇ ಎಂದು ನೋಡಲು ಬರುತ್ತದೆ.

ಔಷಧದ ವಿಷಯದಲ್ಲೂ ಈಚೆಗೆ ಬದಲಾವಣೆ ಆಗಿದೆ. ಇಸ್ರೇಲಿನಲ್ಲಿ ಬಸಿರಿನ ಆರಂಭದಲ್ಲಿ ಮೊದಲ ಸೋಂಕು ತಗಲಿದ ಹೆಂಗಸರಿಗೆ ವ್ಯಾಲಸೈಕ್ಲೊವಿರ್ ಎಂಬ ಮಾತ್ರೆಯನ್ನು ದಿನಕ್ಕೆ 8 ಗ್ರಾಂನಂತೆ ಕೊಟ್ಟಾಗ ಮಗುವಿಗೆ ವೈರಸ್ ದಾಟುವ ಪ್ರಮಾಣ ಶೇಕಡಾ 30ರಿಂದ 11ಕ್ಕೆ ಇಳಿಯಿತು ಎಂದು 2020ರಲ್ಲಿ ಪ್ರಕಟವಾಯಿತು. ಇದು ಮೊದಲ ಸೋಂಕಿನ ಮಾತು. ಐಜಿಜಿ ಪಾಸಿಟಿವ್ ಎಂದ ಕೂಡಲೇ ನುಂಗುವ ಮಾತ್ರೆ ಅಲ್ಲ.

ಎರಡನೆಯ ಮಾತು: "ಹುಟ್ಟುವಾಗ ಮಗು ಸರಿಯಾಗಿಯೇ ಇತ್ತು"

ಒಂದು ಲೆಕ್ಕ ಹಾಕುವ. ಸಾವಿರ ಹೆರಿಗೆ ಅಂತ ಇಟ್ಟುಕೊಳ್ಳಿ. ಶೇಕಡಾ 1 ಅಂತ ಹಿಡಿದರೆ ಹತ್ತು ಮಕ್ಕಳು ಸಿ.ಎಂ.ವಿ. ಹೊತ್ತು ಹುಟ್ಟುತ್ತಾರೆ. ಆ ಹತ್ತರಲ್ಲಿ ಒಂದು ಮಗುವಿನಲ್ಲಿ ಮಾತ್ರ ಹುಟ್ಟುವಾಗಲೇ ಲಕ್ಷಣ ಕಾಣುತ್ತದೆ: ತೂಕ ಕಡಿಮೆ, ತಲೆ ಸಣ್ಣ, ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ, ಕಾಮಾಲೆ, ಯಕೃತ್ತು ಮತ್ತು ಗುಲ್ಮ ದಪ್ಪ ಆಗಿರುವುದು, ಫಿಟ್ಸ್. ಸ್ಕ್ಯಾನ್ ಮಾಡಿದರೆ ಮೆದುಳಿನಲ್ಲಿ ಸುಣ್ಣ ಕಟ್ಟಿದಂಥ ಗುರುತುಗಳು ಕಾಣಬಹುದು. ಉಳಿದ ಒಂಬತ್ತು ಮಕ್ಕಳು ನೋಡಲು ಗುಂಡುಗುಂಡಾಗಿ ಆರೋಗ್ಯವಾಗಿರುತ್ತಾರೆ. ಅವರಲ್ಲಿ ಸುಮಾರು ಒಬ್ಬರಿಗೆ ಮುಂದೆ ಕಿವಿ ಮಂದವಾಗುತ್ತದೆ. ಒಟ್ಟು ನೋಡಿದರೆ ಸೋಂಕಿನೊಂದಿಗೆ ಹುಟ್ಟಿದ ಐದು ಮಕ್ಕಳಲ್ಲಿ ಒಬ್ಬರಿಗೆ ಶಾಶ್ವತವಾದ ಒಂದಲ್ಲ ಒಂದು ತೊಂದರೆ ಉಳಿಯುತ್ತದೆ. ನಾಲ್ವರಿಗೆ ಏನೂ ಆಗುವುದಿಲ್ಲ. ಈ ಎರಡನೆಯ ವಾಕ್ಯವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಹುಟ್ಟಿದ ಮಗುವಿಗೆ ಸೋಂಕು ಉಂಟಾ ಎಂದು ತಿಳಿಯುವ ದಾರಿ ಮಗುವಿನ ಮೂತ್ರ ಇಲ್ಲವೇ ಜೊಲ್ಲಿನ ಪಿ.ಸಿ.ಆರ್. ಪರೀಕ್ಷೆ. ಸೂಜಿ ಬೇಕಾಗಿಲ್ಲ. ಜೊಲ್ಲು ತೆಗೆಯುವುದಾದರೆ ಹಾಲು ಕುಡಿಸಿ ಒಂದು ಗಂಟೆಯಾದರೂ ಕಳೆದಿರಬೇಕು, ಯಾಕೆಂದರೆ ತಾಯಿಯ ಹಾಲಿನಲ್ಲೂ ವೈರಸ್ ಇರಬಹುದು. ಜೊಲ್ಲಿನಲ್ಲಿ ಪಾಸಿಟಿವ್ ಬಂದರೆ ಮೂತ್ರದಲ್ಲಿ ಮತ್ತೆ ನೋಡಿ ಖಚಿತ ಮಾಡುತ್ತಾರೆ. ಮಗುವಿನ ರಕ್ತದಲ್ಲಿ ಐಜಿಜಿ ನೋಡುವುದರಿಂದ ಪ್ರಯೋಜನ ಇಲ್ಲ. ಅದು ತಾಯಿಯಿಂದ ಮಾಸಿನ ಮೂಲಕ ಬಂದದ್ದು.

ಈ ಪರೀಕ್ಷೆಗೆ ಒಂದು ಗಡುವು ಉಂಟು: ಹುಟ್ಟಿ 21 ದಿನದೊಳಗೆ. ಯಾಕೆ 21? ಹೆರಿಗೆಯ ಸಮಯದಲ್ಲಿ ಅಥವಾ ಹಾಲಿನ ಮೂಲಕ ತಗಲಿದ ವೈರಸ್ ಮೂತ್ರದಲ್ಲಿ ಕಾಣಿಸಿಕೊಳ್ಳಲು ಮೂರು ವಾರವಾದರೂ ಬೇಕು. ಅದಕ್ಕೂ ಮೊದಲೇ ಕಂಡರೆ ಅದು ಗರ್ಭದಲ್ಲೇ ಬಂದದ್ದು ಎಂದು ಹೇಳಲು ಸಾಧ್ಯ. ಗಡುವು ದಾಟಿದರೆ ಯಾವಾಗ ಬಂದದ್ದು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಹೊಟ್ಟೆಯಲ್ಲಿ ಬಂದ ಸೋಂಕು ಹಾನಿ ಮಾಡಬಲ್ಲದು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹಾಲಿನಿಂದ ಬಂದದ್ದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಆದ್ದರಿಂದ ಈ ವ್ಯತ್ಯಾಸವೇ ಮುಖ್ಯ.

ಈಗ ಈ ಮೂರು ವಾರವನ್ನು ನಮ್ಮ ಬಾಣಂತನದ ಪಂಚಾಂಗದ ಮೇಲೆ ಇಟ್ಟು ನೋಡಿ. ಹತ್ತು-ಹನ್ನೊಂದು ದಿನ ಪುರುಡು. ಆಮೇಲೆ ನಾಮಕರಣದ ತಯಾರಿ. ಹಲವು ಮನೆಗಳಲ್ಲಿ ನಲವತ್ತು ದಿನ ತಾಯಿ-ಮಗು ಹೊರಗೆ ಕಾಲಿಡುವ ಹಾಗಿಲ್ಲ. ಪರೀಕ್ಷೆಯ ಗಡುವು ಬಾಣಂತಿ ಕೋಣೆಯ ಬಾಗಿಲ ಹಿಂದೆಯೇ ಮುಗಿದುಹೋಗುತ್ತದೆ. ಇದರ ಮೇಲೆ ಗಡಿಯ ಸಮಸ್ಯೆ ಬೇರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಿಂದಾಗಿ ಕೇರಳದ ಸೊಸೆ ಪುತ್ತೂರಿಗೆ ಹೋಗುತ್ತಾಳೆ, ಅಕ್ಕಲಕೋಟೆಯ ಸೊಸೆ ಕಲಬುರಗಿ ಕಡೆಗೆ ಹೋಗುತ್ತಾಳೆ. ನಮ್ಮ ಮಂಜೇಶ್ವರದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವವರು ಬಹಳ. ಹೆರಿಗೆ ಒಂದು ರಾಜ್ಯದಲ್ಲಿ, ಅಂಗನವಾಡಿ ಇನ್ನೊಂದು ರಾಜ್ಯದಲ್ಲಿ. ಮಗುವಿನ ಕಿವಿ ಪರೀಕ್ಷೆಯ ಚೀಟಿ ತಾಯಿಯ ಚೀಲದಲ್ಲಿ ದಾಟಿದರೆ ದಾಟಿತು. ಇಲ್ಲವಾದರೆ ಈಚೆಯ ಆಶಾ ಕಾರ್ಯಕರ್ತೆಗೆ ಅದು ಗೊತ್ತೇ ಆಗುವುದಿಲ್ಲ.

ಸಮಯಕ್ಕೆ ಗೊತ್ತಾದರೆ ಏನು ಮಾಡಲು ಸಾಧ್ಯ? ಹುಟ್ಟುವಾಗಲೇ ಸ್ಪಷ್ಟ ಲಕ್ಷಣ ಇರುವ ಮಗುವಿಗೆ ಮೊದಲ ತಿಂಗಳಲ್ಲೇ ವ್ಯಾಲ್‌ಗ್ಯಾನ್ಸಿಕ್ಲೊವಿರ್ ಎಂಬ, ಬಾಯಿಗೆ ಕೊಡುವ ಔಷಧ ಶುರು ಮಾಡಿ ಆರು ತಿಂಗಳು ಮುಂದುವರಿಸುತ್ತಾರೆ. ಆರು ವಾರ ಕೊಡುವುದಕ್ಕಿಂತ ಆರು ತಿಂಗಳು ಕೊಟ್ಟರೆ ಎರಡು ವರ್ಷದ ಹೊತ್ತಿಗೆ ಶ್ರವಣ ಮತ್ತು ಬೆಳವಣಿಗೆ ಸ್ವಲ್ಪ ಉತ್ತಮ ಎಂದು 2015ರ ಅಧ್ಯಯನ ತೋರಿಸಿತು. ಔಷಧದಿಂದ ಬಿಳಿ ರಕ್ತಕಣ ಇಳಿಯುವ ಅಪಾಯ ಇರುವುದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಲಕ್ಷಣ ಇಲ್ಲದ, ಕಿವಿ ಸರಿಯಿರುವ ಮಗುವಿಗೆ ಸಾಮಾನ್ಯವಾಗಿ ಔಷಧ ಕೊಡುವುದಿಲ್ಲ. ಕಿವಿಯ ಮೇಲೆ ಕಣ್ಣಿಡುತ್ತಾರೆ.

ಹೊರದೇಶದ ಉದಾಹರಣೆ ಹೇಳುವುದಾದರೆ, ಅಮೆರಿಕದ ಯೂಟಾ ರಾಜ್ಯ 2013ರಲ್ಲಿ ಕಾನೂನು ಮಾಡಿ, ಕಿವಿ ಪರೀಕ್ಷೆಯಲ್ಲಿ ಫೇಲಾದ ಪ್ರತಿ ಶಿಶುವಿಗೂ ಸಿ.ಎಂ.ವಿ. ಪರೀಕ್ಷೆ ಮಾಡಬೇಕು ಎಂದಿತು. ಮಿನ್ನೆಸೋಟಾ 2023ರಿಂದ ಹುಟ್ಟುವ ಎಲ್ಲ ಮಕ್ಕಳನ್ನೂ ಪರೀಕ್ಷಿಸುತ್ತಿದೆ. ನಮ್ಮಲ್ಲಿ ಮೊದಲ ಹೆಜ್ಜೆಯಾಗಿ ಯೂಟಾದ ಮಾದರಿ ಸಾಕು: ಕಿವಿ ಪರೀಕ್ಷೆಯಲ್ಲಿ ಅನುಮಾನ ಬಂದ ಮಗುವಿನ ಮೂತ್ರವನ್ನು ಮೂರು ವಾರದೊಳಗೆ ಕಳಿಸುವುದು.

ಮೂರನೆಯ ಮಾತು: "ನಾಲ್ಕು ಭಾಷೆ, ಅದಕ್ಕೇ ತಡ"

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಒಂದು ಮಗು ಅಮ್ಮನಿಂದ ತುಳು, ಅಪ್ಪನಿಂದ ಕನ್ನಡ, ಅಂಗಡಿಯಲ್ಲಿ ಮಲಯಾಳ, ಟಿ.ವಿ.ಯಲ್ಲಿ ಹಿಂದಿ ಕೇಳಿ ಬೆಳೆಯುವುದು ಇಲ್ಲಿ ದೊಡ್ಡ ಸಂಗತಿಯೇ ಅಲ್ಲ. ಎರಡು ವರ್ಷವಾದರೂ ಮಾತು ಬಾರದಿದ್ದರೆ ಹಿರಿಯರ ಬಾಯಲ್ಲಿ ಬರುವ ಮೊದಲ ಸಮಾಧಾನ ಇದು: "ಭಾಷೆ ಜಾಸ್ತಿ ಆಯ್ತು ಮಾರಾಯ್ತಿ, ನಿಧಾನ ಬರ್ತದೆ." ಎರಡನೆಯ ಸಮಾಧಾನ, "ಅದರ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು."

ಭಾಷಾ ವಿಜ್ಞಾನ ಹೇಳುವುದು ಬೇರೆ. ಹಲವು ಭಾಷೆಗಳ ನಡುವೆ ಬೆಳೆಯುವ ಮಗುವಿಗೂ ಮಾತಿನ ಮುಖ್ಯ ಮೆಟ್ಟಿಲುಗಳು ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತವೆ. ಒಂದೊಂದು ಭಾಷೆಯಲ್ಲಿ ಪದ ಸ್ವಲ್ಪ ಕಡಿಮೆ ಇರಬಹುದು, ಎಲ್ಲ ಭಾಷೆಯ ಪದ ಕೂಡಿಸಿದರೆ ಕೊರತೆ ಇರುವುದಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದು, ಇದು ಎಲ್ಲ ಮನೆಗೂ ಒಂದೇ. ವ್ಯತ್ಯಾಸ ತಿಳಿಯಲು ಒಂದು ಸುಲಭದ ಪ್ರಶ್ನೆ ಉಂಟು. ಹಲವು ಭಾಷೆಯ ಮಗು ಮಾತಾಡದಿದ್ದರೂ ಕೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತದೆ. ತುಳುವಿನಲ್ಲಿ ಕರೆದರೂ ತಿರುಗುತ್ತದೆ, ಕನ್ನಡದಲ್ಲಿ ಕರೆದರೂ ತಿರುಗುತ್ತದೆ. ಬೆನ್ನ ಹಿಂದಿನಿಂದ ಯಾವ ಭಾಷೆಯಲ್ಲಿ ಕರೆದರೂ ತಿರುಗದ ಮಗುವಿನ ತೊಂದರೆ ಭಾಷೆಯದ್ದಲ್ಲ.

ಸಿ.ಎಂ.ವಿ. ಇಲ್ಲಿ ಇನ್ನೊಂದು ಆಟ ಆಡುತ್ತದೆ. ಅದು ಒಳಗಿವಿಯ ದ್ರವದ ಸಮತೋಲ ಕಾಯುವ ಕೋಶಗಳನ್ನು ಹಿಡಿಯುವುದರಿಂದ ಕಿವಿ ಒಮ್ಮೆಲೇ ಹಾಳಾಗದೆ ನಿಧಾನವಾಗಿ ಮಂದವಾಗುತ್ತಾ ಹೋಗಬಹುದು. ಹುಟ್ಟಿದ ಮರುದಿನದ ಕಿವಿ ಪರೀಕ್ಷೆಯಲ್ಲಿ "ಪಾಸ್" ಆದ ಮಗುವಿಗೆ ಒಂದು ವರ್ಷದಲ್ಲೋ ಮೂರು ವರ್ಷದಲ್ಲೋ ಕೇಳಿಸುವುದು ಕಡಿಮೆಯಾಗಬಹುದು. ಕೆಲವರಿಗೆ ಒಂದೇ ಕಿವಿ. ಒಂದು ಕಿವಿ ಕೇಳುತ್ತಿದ್ದರೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಸೋಂಕು ಇದ್ದ ಮಗುವಿನ ಕಿವಿಯನ್ನು ಮೊದಲ ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಶಾಲೆಗೆ ಸೇರುವ ಪ್ರಾಯದವರೆಗೆ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕಾಗುತ್ತದೆ.

ಶ್ರವಣ ತಜ್ಞರು 1-3-6 ಎಂಬ ಸೂತ್ರ ಹೇಳುತ್ತಾರೆ: ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ತಿರುವನಂತಪುರದ ನಿಷ್, ಕೇರಳ ಸರಕಾರದ ಶ್ರುತಿತರಂಗಂ ಎಂಬ ಕಾಕ್ಲಿಯರ್ ಇಂಪ್ಲಾಂಟ್ ಯೋಜನೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಇವೆಲ್ಲ ಇರುವುದು ಇದಕ್ಕೇ. ಮಾತು ಕಲಿಯುವ ಮೆದುಳು ಎಳೆಯ ವರ್ಷಗಳಲ್ಲಿ ಬಹಳ ಚುರುಕು. "ನಿಧಾನ ಬರ್ತದೆ" ಎಂದು ಕಾಯುವ ಎರಡು ವರ್ಷ ತುಂಬಾ ದುಬಾರಿ. ಸಂಜ್ಞಾ ಭಾಷೆಯೂ ಪೂರ್ಣ ಭಾಷೆಯೇ ಎಂಬುದನ್ನು ಭಾಷೆ ಓದುವ ನಾವು ಮರೆಯಬಾರದು. ಕಿವಿಯ ಮೂಲಕವೋ ಕಣ್ಣಿನ ಮೂಲಕವೋ, ಮಗುವಿಗೆ ಒಂದು ಭಾಷೆ ಸಮಯಕ್ಕೆ ಸಿಗಬೇಕು.

ಮಗುವಿನ ಎಂಜಲು

ತಡೆಯುವುದು ಹೇಗೆ? ಬಸುರಿಗೆ ಸೋಂಕು ತಗಲುವ ಮುಖ್ಯ ದಾರಿ ಸಣ್ಣ ಮಕ್ಕಳ ಜೊಲ್ಲು ಮತ್ತು ಮೂತ್ರ. ಸೋಂಕಾದ ಪುಟ್ಟ ಮಗು ಆರೋಗ್ಯವಾಗಿಯೇ ಆಡುತ್ತಿರುತ್ತದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ವೈರಸ್ ಹೊರಹಾಕುತ್ತಿರುತ್ತದೆ. ಹಾಗಾಗಿ ಎರಡನೆಯ ಬಸಿರಿನಲ್ಲಿರುವ ತಾಯಿಗೆ ಮೊದಲ ಮಗುವಿನಿಂದ ಬರುವ ಸಾಧ್ಯತೆ ಹೆಚ್ಚು.

ಎಂಜಲು ಎಂಬ ಪದಕ್ಕೆ ಕನ್ನಡದಲ್ಲಿ ಎಷ್ಟು ಭಾರ ಉಂಟು ಎಂದು ಇಲ್ಲಿ ಹೇಳಬೇಕಾಗಿಲ್ಲ. ಆ ಪದದಿಂದ ಜನರನ್ನು ದೂರ ಇಟ್ಟ, ಅವಮಾನಿಸಿದ ಇತಿಹಾಸ ಇದೆ. ಆದರೆ ಇಷ್ಟು ಕಟ್ಟುನಿಟ್ಟಿನ ನಮ್ಮ ಸಮಾಜ ಒಂದು ವಿನಾಯಿತಿ ಕೊಟ್ಟಿತ್ತು: ಮಗುವಿನ ಎಂಜಲು ಎಂಜಲಲ್ಲ. ಮಗು ಬಿಟ್ಟ ತುತ್ತನ್ನು ತಾಯಿ ತಿನ್ನುತ್ತಾಳೆ, ಅದೇ ಚಮಚದಲ್ಲಿ ಬಿಸಿ ನೋಡಿ ಮತ್ತೆ ಕೊಡುತ್ತಾಳೆ. ಅದು ವಾತ್ಸಲ್ಯ. ವೈರಸ್ ಹೆಚ್ಚಾಗಿ ನಡೆದು ಬರುವುದೂ ಆ ವಿನಾಯಿತಿಯ ದಾರಿಯಲ್ಲೇ. ಮಡಿ ಮೈಲಿಗೆಗೂ ವೈರಸ್ಸಿಗೂ ಸಂಬಂಧ ಇಲ್ಲ. ಅದಕ್ಕೆ ಜಾತಿ ಗೊತ್ತಿಲ್ಲ, ಜೊಲ್ಲು ಮಾತ್ರ ಗೊತ್ತು.

ಬಸುರಿಗೆ ಹೇಳಬೇಕಾದದ್ದು ಇಷ್ಟೇ. ಮಗುವಿನ ತಟ್ಟೆಯಲ್ಲಿ ಉಳಿದದ್ದನ್ನು ಈ ಒಂಬತ್ತು ತಿಂಗಳು ಬೇರೆ ಯಾರಾದರೂ ತಿನ್ನಲಿ. ಚಮಚ, ಲೋಟ, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ. ತುಟಿಗೆ ಮುತ್ತು ಕೊಡುವ ಬದಲು ಹಣೆಗೆ, ನೆತ್ತಿಗೆ ಕೊಡಿ. ಉಚ್ಚೆ ಬಟ್ಟೆ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ, ಉಣಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸಾದಾ ಸೋಪಿಗೆ ಈ ವೈರಸ್ ನಾಶವಾಗುತ್ತದೆ. ಇಟಲಿಯಲ್ಲಿ ಹಿಂದೆ ಸೋಂಕು ಬಾರದ, ಆದರೆ ಸಣ್ಣ ಮಕ್ಕಳ ಒಡನಾಟ ಇದ್ದ ಬಸುರಿಯರಿಗೆ ಇಂಥ ತಿಳಿವಳಿಕೆ ಕೊಟ್ಟಾಗ ಅವರಲ್ಲಿ ಸೋಂಕು ತಗಲಿದ್ದು ಶೇಕಡಾ 1.2 ಮಂದಿಗೆ. ತಿಳಿವಳಿಕೆ ಸಿಗದವರಲ್ಲಿ ಶೇಕಡಾ 7.6. ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ನಮ್ಮ ಹೆಂಗಸರಲ್ಲಿ ಹೆಚ್ಚಿನವರಿಗೆ ಮೊದಲೇ ಸೋಂಕಾಗಿರುವುದರಿಂದ ಆ ಅಂಕಿಗಳನ್ನು ನೇರವಾಗಿ ಇಲ್ಲಿಗೆ ತರಲು ಬರುವುದಿಲ್ಲ. ಆದರೆ ಹೊಸ ತಳಿಯೂ ಬರುವುದು ಅದೇ ಜೊಲ್ಲಿನಿಂದ.

ಯಾರ ತಪ್ಪು ಎಂಬ ಪ್ರಶ್ನೆ

ಮಗುವಿಗೆ ತೊಂದರೆ ಕಂಡ ಕೂಡಲೇ ಮನೆ ಹುಡುಕುವುದು ತಪ್ಪಿತಸ್ಥರನ್ನು. ಗ್ರಹಣದ ದಿನ ಹೊರಗೆ ಹೋದಳು, ಪಪ್ಪಾಯಿ ತಿಂದಳು, ದೋಷ ಇತ್ತು. ನಾಳೆ ಸಿ.ಎಂ.ವಿ.ಯ ಹೆಸರು ಪ್ರಚಾರವಾದರೆ "ಕೈ ತೊಳೆಯಲಿಲ್ಲ" ಎಂಬ ಹೊಸ ಆರೋಪ ಅದೇ ಹೆಂಗಸಿನ ತಲೆಯ ಮೇಲೆ ಬರಬಹುದು. ಬಾಲ್ಯದಲ್ಲಿ ಬಂದು ಮಲಗಿದ್ದ ವೈರಸ್ ಎಚ್ಚರಾದರೆ ಅದರಲ್ಲಿ ಅವಳ ತಪ್ಪು ಎಂತದು? ಈ ತಿಳಿವಳಿಕೆಯನ್ನು ಕನ್ನಡಕ್ಕೆ ತರುವಾಗ ನಾವು ಬಳಸುವ ವಾಕ್ಯಗಳ ಮೇಲೆ ಎಚ್ಚರ ಬೇಕು. "ತಾಯಿಯಿಂದ ಮಗುವಿಗೆ ಬರುತ್ತದೆ" ಎನ್ನುವುದಕ್ಕೂ "ಮಾಸನ್ನು ದಾಟಿ ವೈರಸ್ ಮಗುವನ್ನು ತಲುಪುತ್ತದೆ" ಎನ್ನುವುದಕ್ಕೂ ವ್ಯತ್ಯಾಸ ಉಂಟು. ಎರಡನೆಯದರಲ್ಲಿ ಕರ್ತೃ ವೈರಸ್. ಸ್ವತಃ ವೈದ್ಯೆಯಾಗಿದ್ದ ಡಾ. ಅನುಪಮಾ ನಿರಂಜನ 'ತಾಯಿ-ಮಗು'ವಿನಂಥ ಪುಸ್ತಕಗಳ ಮೂಲಕ ಹೆಂಗಸರ ಆರೋಗ್ಯದ ವಿಷಯಕ್ಕೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟರು. ಅಂಥ ಬರವಣಿಗೆ ಗಡಿಯಾಚೆಗೂ ಮುಂದುವರಿಯಬೇಕು.

ಪ್ರಶ್ನೋತ್ತರದಿಂದ

ಮಾತಿನ ನಂತರ ಬಂದ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸಂಕ್ಷೇಪವಾಗಿ ಸೇರಿಸಿದ್ದೇನೆ.

ಮೊದಲನೆಯ ಪ್ರಶ್ನೆ: ಕಾಸರಗೋಡಿನಲ್ಲಿ ಇಂಥ ಮಕ್ಕಳ ಬಗ್ಗೆ ಮಾತಾಡುವಾಗ ಎಂಡೋಸಲ್ಫಾನ್ ವಿಷಯ ಬಿಡಲಾಗುತ್ತದೆಯೇ?

ಬಿಡಬಾರದು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಸಂಕಟ, ಆ ಕುಟುಂಬಗಳ ನ್ಯಾಯದ ಹೋರಾಟ ನಮ್ಮ ಕಣ್ಣೆದುರಿನದ್ದು. ಸಿ.ಎಂ.ವಿ.ಯ ಹೆಸರಿನಲ್ಲಿ ಅದನ್ನು ತಳ್ಳಿಹಾಕುವುದು ಅನ್ಯಾಯ. ನಾನು ಹೇಳುವುದು ಇಂದು ಹುಟ್ಟುವ ಮಗುವಿನ ಬಗ್ಗೆ. ಸಣ್ಣ ತಲೆಯನ್ನು, ಕೇಳದ ಕಿವಿಯನ್ನು ನೋಡಿ ಮಾತ್ರ ಕಾರಣ ಹೇಳಲು ಬರುವುದಿಲ್ಲ. ಮೂರು ವಾರದೊಳಗಿನ ಪರೀಕ್ಷೆ ಒಂದು ಕಾರಣವನ್ನಾದರೂ ಹೌದು ಅಥವಾ ಅಲ್ಲ ಎಂದು ಹೇಳುತ್ತದೆ. ಆ ಉತ್ತರ ಕುಟುಂಬದ ಹಕ್ಕು.

ಎರಡನೆಯದು, ತಾಳವಾಡಿಯ ಗೆಳತಿಯದ್ದು: ಹಾಲಿನಲ್ಲಿ ವೈರಸ್ ಇದ್ದರೆ ಎದೆಹಾಲು ನಿಲ್ಲಿಸಬೇಕಾ?

ಬೇಡ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಧಾರಾಳವಾಗಿ ಕುಡಿಸಿ, ಅದರಿಂದ ಸಿಗುವ ಲಾಭ ದೊಡ್ಡದು. ತೀರಾ ಅವಧಿಗೆ ಮೊದಲೇ, ತುಂಬ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ವಿಷಯದಲ್ಲಿ ಮಾತ್ರ ಮಕ್ಕಳ ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಮೂರನೆಯದು: ಸೋಂಕು ಇರುವ ಮಗುವನ್ನು ಅಂಗನವಾಡಿಗೆ ಕಳಿಸಬಹುದೇ?

ಖಂಡಿತ ಕಳಿಸಬಹುದು. ಅದೇ ಅಂಗನವಾಡಿಯಲ್ಲಿ ಗೊತ್ತಿಲ್ಲದೆ ವೈರಸ್ ಹೊರಹಾಕುತ್ತಿರುವ ಬೇರೆ ಮಕ್ಕಳೂ ಇರುತ್ತಾರೆ. ಒಬ್ಬರನ್ನು ಹೊರಗಿಟ್ಟು ಯಾರಿಗೂ ರಕ್ಷಣೆ ಸಿಗುವುದಿಲ್ಲ. ಅಲ್ಲಿನ ಟೀಚರ್, ಆಯಾ ಬಸುರಿಯಾಗಿದ್ದರೆ ಎಲ್ಲ ಮಕ್ಕಳ ವಿಷಯದಲ್ಲೂ ಕೈ ತೊಳೆಯುವ ಅಭ್ಯಾಸ ಇಟ್ಟುಕೊಂಡರೆ ಸಾಕು.

ನಮ್ಮ ವಿಭಾಗದವರಲ್ಲಿ ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ಒಂದು ಪುಟದ ಕರಪತ್ರ ಮಾಡುವ. ಕನ್ನಡದಲ್ಲಿ, ಮಲಯಾಳದಲ್ಲಿ, ಕನ್ನಡ ಲಿಪಿಯ ತುಳುವಿನಲ್ಲಿ. ಅದರಲ್ಲಿ ನಾಲ್ಕೇ ಸಾಲು ಇರಲಿ: ಐಜಿಜಿ ಪಾಸಿಟಿವ್ ಅಂದರೆ ಹಳೆಯ ನೆನಪು, ಕಿವಿ ಪರೀಕ್ಷೆಯಲ್ಲಿ ಅನುಮಾನ ಬಂದರೆ 21 ದಿನದೊಳಗೆ ಮೂತ್ರ ಪರೀಕ್ಷೆ ಕೇಳಿ, ಪಾಸಾದರೂ ಮಾತು ತಡವಾದರೆ ಮತ್ತೊಮ್ಮೆ ಕಿವಿ ತೋರಿಸಿ, ಬಸಿರಿನಲ್ಲಿ ಮಗುವಿನ ಎಂಜಲು ಬೇಡ. ಛಾಪಿಸುವ ಮೊದಲು ಒಬ್ಬ ಮಕ್ಕಳ ವೈದ್ಯರಿಗೂ ಒಬ್ಬ ಆಶಾ ಕಾರ್ಯಕರ್ತೆಗೂ ಓದಿಸುವ. ಇಬ್ಬರಿಗೂ ಒಪ್ಪಿಗೆಯಾದ ಕನ್ನಡವೇ ಅದಕ್ಕೆ ಸರಿಯಾದ ಕನ್ನಡ.